ಉತ್ತರ ಧ್ರುವದ ಕರಿಬಂಡೆ

ಮೊಬೈಲ್‌ನಲ್ಲಿ ದಾರಿ ಹುಡುಕುವಾಗ ನೀವು ನೋಡುವ ನಕ್ಷೆ ಬಹುಮಟ್ಟಿಗೆ ಮರ್ಕೇಟರ್ ಪ್ರೊಜೆಕ್ಷನ್‌ನದ್ದೇ ಒಂದು ರೂಪ, ಅಂದರೆ ದುಂಡಗಿನ ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸುವ ಒಂದು ವಿಧಾನ. ನಕ್ಷೆ ಮಾಡುವ ನಮಗೆ ಅದರ ಮಿತಿ ಚೆನ್ನಾಗಿ ಗೊತ್ತು. ಸುಮಾರು 85 ಡಿಗ್ರಿ ಅಕ್ಷಾಂಶಕ್ಕೆ ಅದನ್ನು ಕತ್ತರಿಸಲೇಬೇಕು. ಮೇಲೆ ಹೋದಂತೆ ಅಕ್ಷಾಂಶ ರೇಖೆಗಳ ನಡುವಿನ ಅಂತರ ಹಿಗ್ಗುತ್ತಲೇ ಹೋಗುತ್ತದೆ. ಎಷ್ಟು ಉದ್ದದ ಕಾಗದ ತಂದರೂ ಧ್ರುವ ಅದರಲ್ಲಿ ಹಿಡಿಸುವುದಿಲ್ಲ.

1569ರಲ್ಲಿ ಈ ವಿಧಾನದಲ್ಲಿ ಲೋಕನಕ್ಷೆ ಬರೆದ ಗೆರಾರ್ಡಸ್ ಮರ್ಕೇಟರ್‌ಗೂ ಇದೇ ತೊಡಕು ಎದುರಾಯಿತು. ಹಾಗಾಗಿ ಕೆಳಗಡೆ ಎಡಮೂಲೆಯಲ್ಲಿ ಉತ್ತರ ಧ್ರುವಕ್ಕೆಂದೇ ಬೇರೆ ಚಿತ್ರ ಕೊಟ್ಟ. ಆದರೆ ಅಲ್ಲಿಗೆ ಯಾರೂ ಹೋಗಿ ಬಂದಿರಲಿಲ್ಲ. ಹಾಗಾದರೆ ಅದರಲ್ಲಿ ಬರೆಯುವುದೇನನ್ನು?

ಅವನು ಬರೆದದ್ದು ನಾಲ್ಕು ದೊಡ್ಡ ದ್ವೀಪಗಳನ್ನು. ಅವುಗಳ ನಡುವಿನ ನಾಲ್ಕು ಕಾಲುವೆಗಳಲ್ಲಿ ಸಮುದ್ರದ ನೀರು ಒಳಕ್ಕೆ ನುಗ್ಗುತ್ತದೆ, ಆಲಿಕೆಯಲ್ಲಿ ಸುರಿದ ಹಾಗೆ ಭೂಮಿಯೊಳಗೆ ಇಳಿದುಹೋಗುತ್ತದೆ. ಧ್ರುವದಲ್ಲಿ ಒಂದು ಎತ್ತರದ ಕರಿಬಂಡೆ, ಸುತ್ತಳತೆ ಸುಮಾರು 33 ಲೀಗ್ (ಲೀಗ್ ಎಂದರೆ ದೂರದ ಒಂದು ಹಳೆಯ ಅಳತೆ). ಒಂದು ದ್ವೀಪದಲ್ಲಿ ನಾಲ್ಕಡಿ ಎತ್ತರದ ಕುಳ್ಳರು ಇದ್ದಾರೆ ಎಂಬ ಟಿಪ್ಪಣಿಯೂ ಉಂಟು.

ಇದನ್ನೆಲ್ಲ ಮರ್ಕೇಟರ್ ಸುಮ್ನೆ ಕಟ್ಟಿದ್ದಲ್ಲ. ಯಾಕೋಬಸ್ ಕ್ನೋಯೆನ್ ಎಂಬವನ ಪ್ರವಾಸ ಬರಹದಿಂದ ತೆಗೆದುಕೊಂಡೆ ಎಂದು ನಕ್ಷೆಯ ಮೇಲೇ ಬರೆದಿದ್ದಾನೆ. ಕ್ನೋಯೆನ್‌ಗೆ ಆಧಾರ 14ನೇ ಶತಮಾನದ 'ಇನ್ವೆಂಟಿಯೋ ಫಾರ್ಚುನಾಟಾ' ಎಂಬ ಪುಸ್ತಕ. ಈಗ ಅದೂ ಇಲ್ಲ, ಕ್ನೋಯೆನ್‌ನ ಬರಹವೂ ಇಲ್ಲ. 1577ರಲ್ಲಿ ಇಂಗ್ಲೆಂಡಿನ ವಿದ್ವಾಂಸ ಜಾನ್ ಡೀಗೆ ಮರ್ಕೇಟರ್ ಬರೆದ ಪತ್ರದಿಂದಾಗಿ ಅದರ ಸಾರಾಂಶವಾದರೂ ನಮಗೆ ಸಿಕ್ಕಿದೆ. ಸಿಕ್ಕಿದ್ದನ್ನು ಎಲ್ಲಿಂದ ತಂದೆ ಎಂದು ಹೇಳಿದವನನ್ನು ನಾನು ಸುಳ್ಳುಗಾರ ಎನ್ನಲಾರೆ.

ಬಂಡೆಯ ಕಥೆಯನ್ನು ಜನ ನಂಬಲು ಕಾರಣವೂ ಇತ್ತು. ದಿಕ್ಸೂಚಿಯ ಮುಳ್ಳು ಉತ್ತರಕ್ಕೇ ತಿರುಗುತ್ತದೆ ಎಂದ ಮೇಲೆ ಅಲ್ಲೊಂದು ಭಾರಿ ಅಯಸ್ಕಾಂತ ಇರಬೇಕಲ್ವಾ? ಭೂಮಿಯೇ ಅಯಸ್ಕಾಂತ ಎಂದು ವಿಲಿಯಂ ಗಿಲ್ಬರ್ಟ್ ವಾದಿಸಿದ್ದು 1600ರಲ್ಲಿ. ಮರ್ಕೇಟರ್ ಅದಕ್ಕಿಂತ ಮೊದಲೇ ಒಂದು ಸೂಕ್ಷ್ಮ ಗಮನಿಸಿದ್ದ: ಮುಳ್ಳು ನಿಜವಾದ ಉತ್ತರಕ್ಕಿಂತ ಸ್ವಲ್ಪ ಆಚೀಚೆ ವಾಲುತ್ತದೆ. ಅದಕ್ಕೇ ಕಾಂತಧ್ರುವವನ್ನು, ಅಂದರೆ ಮುಳ್ಳು ತೋರಿಸುವ ಜಾಗವನ್ನು, ಬೇರೆ ಕಡೆ, ಏಷ್ಯಾ ಮತ್ತು ಅಮೆರಿಕ ಎದುರುಬದುರಾಗುವಲ್ಲಿ ಗುರುತಿಸಿದ. ಕಥೆ ಮತ್ತು ಅಳತೆ ಒಂದೇ ಹಾಳೆಯ ಮೇಲೆ ಹೀಗೆ ಜೊತೆಗಿರುವುದೇ ಈ ನಕ್ಷೆ ನನಗೆ ಇಷ್ಟವಾಗಲು ಕಾರಣ.

ನಡುವೆ ಪರ್ವತ, ಸುತ್ತ ನಾಲ್ಕು ಭೂಭಾಗ: ಇದು ನಮ್ಮ ಮೇರು ಅಲ್ವಾ ಎಂದು ಕೇಳುವವರಿದ್ದಾರೆ. ಹೋಲಿಕೆ ಇದೆ, ಒಪ್ಪುತ್ತೇನೆ. ಆದರೆ ಪುರಾಣದಲ್ಲಿ ಗಂಗೆ ಮೇರುವಿನ ಮೇಲಿಳಿದು ನಾಲ್ಕು ಕವಲಾಗಿ ಹೊರಕ್ಕೆ ಹರಿಯುತ್ತಾಳೆ. ಇಲ್ಲಿ ನೀರು ಒಳಕ್ಕೆ ಹರಿಯುತ್ತದೆ. ಮರ್ಕೇಟರ್ ಹೇಳಿಕೊಂಡ ಆಧಾರಗಳಲ್ಲಿ ಭಾರತದ ಗ್ರಂಥ ಯಾವುದೂ ಇಲ್ಲ.

ಮರ್ಕೇಟರ್ 1594ರಲ್ಲಿ ತೀರಿಕೊಂಡ. ಮರುವರ್ಷ ಅವನ ಅಟ್ಲಾಸ್‌ನಲ್ಲಿ ಧ್ರುವದ ಚಿತ್ರ ಇಡೀ ಪುಟದ ನಕ್ಷೆಯಾಗಿ ಬಂತು. ಅದರ ಮೂಲೆಯಲ್ಲಿ ಫ್ರಿಸ್‌ಲ್ಯಾಂಡ್ ಎಂಬ ದ್ವೀಪವೂ ಇದೆ. ಅಂಥ ದ್ವೀಪ ಇಲ್ಲವೇ ಇಲ್ಲ. 1558ರ ವೆನಿಸ್‌ನ ಒಂದು ನಕ್ಷೆಯಿಂದ ಅದು ಎಲ್ಲ ಕಡೆ ಹಬ್ಬಿತ್ತು.

ಅಷ್ಟರಲ್ಲಿ ಡಚ್ ನಾವಿಕ ವಿಲ್ಲೆಮ್ ಬ್ಯಾರೆಂಟ್ಸ್ 1596ರಲ್ಲಿ ನಾರ್ವೆಯ ಉತ್ತರಕ್ಕಿರುವ ಸ್ಪಿಟ್ಸ್‌ಬರ್ಗನ್ ದ್ವೀಪ ಕಂಡ. ಆ ಚಳಿಗಾಲ ಅವನ ಹಡಗು ರಷ್ಯಾದ ಉತ್ತರದ ನೊವಾಯಾ ಜೆಮ್ಲ್ಯಾ ದ್ವೀಪಗಳ ಬಳಿ ಹಿಮದಲ್ಲಿ ಸಿಕ್ಕಿಬಿತ್ತು. ಮರುವರ್ಷ ವಾಪಸಾಗುವ ದಾರಿಯಲ್ಲಿ ಅವನು ಸತ್ತ. ಅವನ ಪಯಣದ ನಕ್ಷೆ 1598ರಲ್ಲಿ ಅಚ್ಚಾಯಿತು.

1604ರಲ್ಲಿ ಮರ್ಕೇಟರ್‌ನ ನಕ್ಷೆಗಳನ್ನು ಅಚ್ಚು ಹಾಕುವ ತಾಮ್ರದ ಫಲಕಗಳು ನಕ್ಷೆಗಾರ ಯೊಡೊಕಸ್ ಹೊಂಡಿಯಸ್ ಕೈಗೆ ಬಂದವು. ಹೊಸ ಫಲಕ ಕೊರೆಯುವುದು ದುಬಾರಿ ಕೆಲಸ. ತಿದ್ದಬೇಕಾದರೆ ಹಿಂದಿನಿಂದ ಸುತ್ತಿಗೆಯಲ್ಲಿ ತಟ್ಟಿ, ಮುಂದೆ ಹಳೆಯ ಗೆರೆಗಳನ್ನು ಹೆರೆದು ಉಜ್ಜಿ, ಉಳಿಯಿಂದ ಮತ್ತೆ ಕೊರೆಯಬೇಕು, ಅದೂ ಕನ್ನಡಿಯಲ್ಲಿ ಕಂಡಂತೆ ತಿರುಗಾಮುರುಗಾ. 1606ರ ಅಟ್ಲಾಸ್‌ನಲ್ಲಿ ಈ ತಿದ್ದುಪಡಿ ಕಾಣುತ್ತದೆ. ನಾಲ್ಕು ದ್ವೀಪಗಳಲ್ಲಿ ಒಂದರ ಸ್ವಲ್ಪ ಭಾಗ ಮಾಯವಾಗಿದೆ. ಬ್ಯಾರೆಂಟ್ಸ್ ಕಂಡ ನೆಲಕ್ಕೆ ಜಾಗ ಬೇಕಿತ್ತು. ಉಳಿದ ಮೂರು ದ್ವೀಪಗಳೂ ಕರಿಬಂಡೆಯೂ ಇದ್ದಲ್ಲೇ ಇವೆ. ಕಂಡುಬಂದದ್ದರ ಮಟ್ಟಿಗೆ ಮಾತ್ರ ಕಥೆಯನ್ನು ಅಳಿಸಿದ್ದಾರೆ.

ಹಳೆಯ ನಕ್ಷೆಗಳ ಸ್ಕ್ಯಾನ್ ನೋಡುವವರು 1595 ಮತ್ತು 1606ರ ಮುದ್ರಣಗಳನ್ನು ಪಕ್ಕಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ. ಮೊದಲು ರಷ್ಯಾದ ಉತ್ತರದ ಸಮುದ್ರಕ್ಕೆ ಕಣ್ಣು ಹಾಯಿಸಿ, ಆಮೇಲೆ ಧ್ರುವದ ಕಡೆಗೆ ಹೋಗಿ.