ನಕ್ಷೆಯ ಮೇಲ್ತುದಿಗೆ ಯಾವ ದಿಕ್ಕು?

ಮಲ್ಪೆಯಿಂದ ಮಂಗಳೂರಿನ ಕಡೆ ಹೊರಟ ದೋಣಿಗೆ ಕಾಪು ದೀಪಸ್ತಂಭ ಎಡಗಡೆ ಸಿಗುತ್ತದೆ. ಆದರೆ ದೋಣಿ ಎಲ್ಲಿದೆಯೆಂದು ಪರದೆಯ ನಕ್ಷೆಯಲ್ಲಿ ತೋರಿಸುವ ಚಾರ್ಟ್‌ಪ್ಲಾಟರ್ ನಾರ್ತ್ ಅಪ್‌ನಲ್ಲಿದ್ದರೆ, ಅಂದರೆ ಉತ್ತರ ಮೇಲಿದ್ದರೆ, ಪರದೆಯಲ್ಲಿ ಅದು ದೋಣಿಯ ಬಲಕ್ಕಿರುತ್ತದೆ. ದೋಣಿಯ ಗುರುತು ಕೆಳಮುಖವಾಗಿ ಸಾಗುತ್ತಿರುತ್ತದೆ. ನಕ್ಷೆ ತಪ್ಪಿಲ್ಲ. ದೋಣಿ ನಡೆಸುವ ತಾಂಡೇಲರು ಮಾತ್ರ ಪ್ರತಿ ಸಲ ಅದನ್ನು ತಲೆಯೊಳಗೇ ತಿರುಗಿಸಿಕೊಳ್ಳಬೇಕು.

ಹಾಗೆ ತಿರುಗಿಸಲು ಮೆದುಳಿಗೆ ಹೊತ್ತು ಬೇಕು. 1971ರಲ್ಲಿ ಮನೋವಿಜ್ಞಾನಿಗಳಾದ ರೋಜರ್ ಶೆಪರ್ಡ್ ಮತ್ತು ಜಾಕ್ವೆಲಿನ್ ಮೆಟ್ಜ್ಲರ್ ಎರಡೆರಡು ಆಕೃತಿಗಳನ್ನು ತೋರಿಸಿ, ಇವೆರಡೂ ಒಂದೇನಾ ಎಂದು ಜನರನ್ನು ಕೇಳಿದರು. ಆಕೃತಿ ಹೆಚ್ಚು ತಿರುಗಿದ್ದಷ್ಟೂ ಉತ್ತರ ತಡವಾಗುತ್ತಿತ್ತು. ನೇರ ದಕ್ಷಿಣಕ್ಕೆ ಹೋಗುವವರು ನಕ್ಷೆಯನ್ನು ತಿರುಗಿಸಿಕೊಳ್ಳಬೇಕಾದದ್ದು 180 ಡಿಗ್ರಿ. ಕತ್ತಲಲ್ಲಿ, ಮಳೆಯಲ್ಲಿ ಅಳಿವೆಬಾಗಿಲು ಹೊಗುವಾಗ ಒಂದು ಸೆಕೆಂಡಿನ ಗೊಂದಲವೂ ಜಾಸ್ತಿಯೇ.

ಹಾಗಾದರೆ ಹೆಡ್ ಅಪ್ ಇಟ್ಟರಾಯಿತು, ಅಲ್ವಾ? ದೋಣಿಯ ಮೂತಿ ಯಾವಾಗಲೂ ಮೇಲಕ್ಕೆ, ಎಡದ್ದು ಎಡಕ್ಕೇ. ಆದರೆ ಅಲೆಗೆ ಸಿಕ್ಕಿ ಮೂತಿ ಅತ್ತಿತ್ತ ಹೊರಳಿದಂತೆ ಇಡೀ ನಕ್ಷೆಯೂ ಹೊರಳುತ್ತದೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ವಿಷಯವಿದೆ. ಸಾಮಾನ್ಯ ಜಿಪಿಎಸ್‌ಗೆ ದೋಣಿಯ ಮೂತಿ ಎತ್ತ ಇದೆ ಎಂದು ಗೊತ್ತೇ ಆಗುವುದಿಲ್ಲ. ದೋಣಿ ಎತ್ತ ಸರಿಯುತ್ತಿದೆ ಎಂಬುದಷ್ಟೇ ಅದಕ್ಕೆ ತಿಳಿಯುತ್ತದೆ. 5 ನಾಟ್ (ಗಂಟೆಗೆ ಸುಮಾರು 9 ಕಿ.ಮೀ.) ವೇಗದಲ್ಲಿ ಹೋಗುವ ದೋಣಿಯನ್ನು 1 ನಾಟ್‌ನ ನೀರಿನ ಸೆಳೆತ ಅಡ್ಡಕ್ಕೆ ತಳ್ಳಿದರೆ ಎರಡು ದಿಕ್ಕುಗಳ ನಡುವೆ ಸುಮಾರು 11 ಡಿಗ್ರಿ ವ್ಯತ್ಯಾಸ ಬರುತ್ತದೆ. ದೋಣಿ ನಿಂತಾಗಲಂತೂ ಜಿಪಿಎಸ್ ಕೊಡುವ ದಿಕ್ಕಿಗೆ ಅರ್ಥವೇ ಇಲ್ಲ. ಅದನ್ನೇ ನಂಬಿದ ನಕ್ಷೆ ಸುಮ್ನೆ ತಿರುಗುತ್ತಿರುತ್ತದೆ. ನಿಜವಾದ ಹೆಡ್ ಅಪ್ ಬೇಕಿದ್ದರೆ ಎಲೆಕ್ಟ್ರಾನಿಕ್ ದಿಕ್ಸೂಚಿಯನ್ನೋ ಅಂಥದ್ದೇ ಉಪಕರಣವನ್ನೋ ಜೋಡಿಸಲೇಬೇಕು.

ಬಂದರಿನ ಹತ್ತಿರ ನನಗೆ ಒಪ್ಪಿಗೆಯಾಗುವುದು ಕೋರ್ಸ್ ಅಪ್. ಇಲ್ಲಿ ಹೋಗಬೇಕಾದ ದಿಕ್ಕು ಮೇಲಿರುತ್ತದೆ. ನಕ್ಷೆ ಅಲುಗಾಡುವುದಿಲ್ಲ, ದೋಣಿಯ ಗುರುತು ಮಾತ್ರ ಹೊರಳುತ್ತದೆ.

ದಾರಿ ಯೋಚಿಸುವಾಗ ಮಾತ್ರ ನಾರ್ತ್ ಅಪ್ ಬಿಡಬಾರದು. ಕಾಗದದ ನಕ್ಷೆ, ದಿಕ್ಸೂಚಿಯ ಡಿಗ್ರಿ, ಹವಾಮಾನ ವರದಿಯ ವಾಯವ್ಯ ಗಾಳಿ ಎಲ್ಲವೂ ಉತ್ತರವನ್ನೇ ಆಧಾರ ಮಾಡಿಕೊಂಡಿವೆ. ಕರಾವಳಿಯನ್ನು ಒಂದೇ ರೂಪದಲ್ಲಿ ಮತ್ತೆ ಮತ್ತೆ ನೋಡಿದರೆ ಅದು ಮನಸ್ಸಿನಲ್ಲಿ ಉಳಿಯುತ್ತದೆ. ದೊಡ್ಡ ಹಡಗುಗಳ ಎಲೆಕ್ಟ್ರಾನಿಕ್ ನಕ್ಷೆಯಲ್ಲಿ ಬೇರೆ ರೀತಿಗಳಿಗೆ ಅಂತರರಾಷ್ಟ್ರೀಯ ಕಡಲ ಸಂಸ್ಥೆಯ ಅಡ್ಡಿಯಿಲ್ಲ, ಆದರೆ ನಾರ್ತ್ ಅಪ್ ಯಾವಾಗಲೂ ಸಿಗಲೇಬೇಕು.

ಪಕ್ಕದಲ್ಲಿ ರೇಡಾರ್ ಇದ್ದರೆ ಎರಡೂ ಪರದೆಗಳನ್ನು ಒಂದೇ ರೀತಿ ಇಟ್ಟುಕೊಳ್ಳಿ. ರೇಡಾರ್‌ನಲ್ಲಿ ಎಡಕ್ಕೆ ಕಂಡ ಬಂಡೆಯನ್ನು ನಕ್ಷೆಯ ಬಲಭಾಗದಲ್ಲಿ ಹುಡುಕುವಂತಾಗಬಾರದು.