ಚರಂಡಿಯ ದುಡ್ಡು ಉಳಿಸಿದರೆ ರಸ್ತೆಗೆ ಏನಾಗುತ್ತದೆ?

ರಸ್ತೆ ನಿರ್ವಹಣೆಯ ಅನುದಾನ ಕಡಿತ ಮಾಡಿದ ವರ್ಷ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಮರುವರ್ಷವೂ ಅಷ್ಟೇ. ಶಾಲೆಯ ಬಸ್ಸು ಓಡುತ್ತದೆ, ಹಾಲಿನ ಟ್ಯಾಂಕರ್ ಬರುತ್ತದೆ. ಕೆಲವು ವರ್ಷ ಕಳೆದ ಮೇಲೆ ರಸ್ತೆ ಇದ್ದಕ್ಕಿದ್ದಂತೆ ಕಿತ್ತುಬರಲು ಶುರುವಾಗುತ್ತದೆ. ಆ ಹೊತ್ತಿಗೆ ಹಳೆಯ ಕಡಿತ ಎಲ್ಲರಿಗೂ ಮರೆತುಹೋಗಿರುತ್ತದೆ. ಬೈಗುಳವೆಲ್ಲ ಮಳೆಗೆ, ಲಾರಿಗಳಿಗೆ, ಇಲ್ಲವೇ ಗುತ್ತಿಗೆದಾರರಿಗೆ.

ಇಷ್ಟು ತಡ ಯಾಕೆ? ಕಾರಣ ರಸ್ತೆಯ ಹೊಟ್ಟೆಯೊಳಗಿದೆ. ಹಳ್ಳಿಯ ರಸ್ತೆಗಳಲ್ಲಿ ಡಾಂಬರಿನ ಪದರ ತೆಳ್ಳಗಿರುತ್ತದೆ. ಗಾಡಿಗಳ ಭಾರವನ್ನು ಹೆಚ್ಚಾಗಿ ಹೊರುವುದು ಅದರ ಕೆಳಗಿನ ಜಲ್ಲಿ ಮತ್ತು ಮಣ್ಣು. ಡಾಂಬರು ಅವಕ್ಕೆ ಹಿಡಿದ ಛತ್ರಿ. ಬಿಸಿಲು ಮತ್ತು ಗಾಳಿಗೆ ಡಾಂಬರು ವರ್ಷದಿಂದ ವರ್ಷಕ್ಕೆ ಗಡುಸಾಗುತ್ತದೆ, ಕೂದಲೆಳೆಯಂಥ ಬಿರುಕು ಬಿಡುತ್ತದೆ. ಆಗಲೇ ಬಿರುಕು ಮುಚ್ಚಿದರೆ ಖರ್ಚು ಕಡಿಮೆ. ಬಿಟ್ಟರೆ ನೀರು ಇಳಿಯುತ್ತದೆ. ಒದ್ದೆಯಾದ ಮಣ್ಣು ಮೆತ್ತಗಾಗುತ್ತದೆ, ಜಲ್ಲಿಯ ಕಲ್ಲುಗಳ ಹಿಡಿತ ಸಡಿಲಾಗುತ್ತದೆ. ಲಾರಿಯ ಚಕ್ರ ಮೇಲೆ ಹಾದುಹೋದಾಗಲೆಲ್ಲ ಒಳಗಿನ ನೀರು ಕೆಸರಾಗಿ ಬಿರುಕಿನಿಂದ ಚಿಮ್ಮುತ್ತದೆ, ಜೊತೆಗೆ ನುಣ್ಣನೆ ಮಣ್ಣನ್ನೂ ಹೊತ್ತುಕೊಂಡು ಬರುತ್ತದೆ. ಹೀಗೆ ಒಳಗೆ ಟೊಳ್ಳಾಗುತ್ತದೆ. ಒಂದು ದಿನ ಮೇಲಿನ ಪದರ ಕುಸಿದು ಗುಂಡಿಯಾಗುತ್ತದೆ.

ಚಳಿ ಪ್ರದೇಶಗಳಲ್ಲಿ ಇನ್ನೊಂದು ಕಾಟವೂ ಉಂಟು. ನೀರು ಹೆಪ್ಪುಗಟ್ಟಿದಾಗ ಸುಮಾರು ಶೇ. 9ರಷ್ಟು ಹಿಗ್ಗುತ್ತದೆ, ಬಿರುಕನ್ನು ಇನ್ನಷ್ಟು ಅಗಲ ಮಾಡುತ್ತದೆ. ಹಿಮ ಕರಗುವ ವಸಂತದಲ್ಲಿ ರಸ್ತೆಯ ತಳ ತೀರಾ ದುರ್ಬಲ. ಹಾಗಾಗಿ ಅಮೆರಿಕದ ಹಲವು ಉತ್ತರದ ರಾಜ್ಯಗಳಲ್ಲಿ ಆ ವಾರಗಳಲ್ಲಿ ಭಾರದ ಲಾರಿಗಳಿಗೆ ಮಿತಿ ಹಾಕುತ್ತಾರೆ. ರೈತರು ಬೀಜ, ಗೊಬ್ಬರ ತರಿಸಿಕೊಳ್ಳುವ ಕಾಲವೂ ಅದೇ!

ಈ ಕಥೆಯ ಖಳನಾಯಕ ನೀರು ಅಂದಮೇಲೆ ಪಕ್ಕದ ಚರಂಡಿ ತೆಗೆಯುವುದು, ಮೋರಿಯ ಹೂಳೆತ್ತುವುದು ಎಷ್ಟು ಮುಖ್ಯ ಅಂತ ಗೊತ್ತಾಗುತ್ತದೆ, ಅಲ್ವಾ? ಆದರೆ ದುಡ್ಡು ಸಾಲದಾದಾಗ ಸುಲಭವಾಗಿ ನಿಂತುಹೋಗುವುದು ಇಂಥ ಕೆಲಸವೇ. ಹೊಸ ರಸ್ತೆಗೆ ಟೇಪು ಕತ್ತರಿಸಬಹುದು, ಹೂಳೆತ್ತಿದ ಮೋರಿಗೆ ಯಾರು ಟೇಪು ಕಟ್ಟುತ್ತಾರೆ?

ಇಂಜಿನಿಯರ್‌ಗಳು ರಸ್ತೆಯ ಆಯಸ್ಸಿಗೆ ಒಂದು ಗ್ರಾಫ್ ಬರೆಯುತ್ತಾರೆ. ಮೊದಲ ಮುಕ್ಕಾಲು ಆಯಸ್ಸಿನಲ್ಲಿ ರಸ್ತೆಯ ಸ್ಥಿತಿ ತೋರಿಸುವ ಗೆರೆ ನಿಧಾನವಾಗಿ ಇಳಿಯುತ್ತದೆ. ಆಮೇಲೆ ಜಾರುಬಂಡೆ. ಜಾರುವ ಮುಂಚೆ ಖರ್ಚು ಮಾಡದ ಒಂದು ಡಾಲರ್, ಜಾರಿದ ಮೇಲೆ ಹಲವು ಡಾಲರ್ ಆಗುತ್ತದೆ. ವಿಶ್ವ ಬ್ಯಾಂಕ್ 1994ರ ವರದಿಯಲ್ಲಿ ಆಫ್ರಿಕಾದ ಲೆಕ್ಕ ಕೊಟ್ಟಿತ್ತು: ಅದಕ್ಕೆ ಹಿಂದಿನ ಹತ್ತು ವರ್ಷಗಳಲ್ಲಿ 1,200 ಕೋಟಿ ಡಾಲರ್ ಹಾಕಿ ಸಕಾಲಕ್ಕೆ ನಿರ್ವಹಣೆ ಮಾಡಿದ್ದರೆ, ರಸ್ತೆಗಳನ್ನು ಮತ್ತೆ ಕಟ್ಟುವ 4,500 ಕೋಟಿ ಡಾಲರ್ ಉಳಿಯುತ್ತಿತ್ತು.

ಇನ್ನು ಲಾರಿಗಳ ವಿಷಯ. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್ ರಾಜ್ಯದ ಒಟ್ಟಾವ ಪಟ್ಟಣದ ಬಳಿ ಒಂದು ದೊಡ್ಡ ಪ್ರಯೋಗ ನಡೆಯಿತು. ಬೇರೆ ಬೇರೆ ದಪ್ಪದ ರಸ್ತೆಗಳನ್ನು ಕಟ್ಟಿ, ಸೈನಿಕರ ಕೈಲಿ ಅವುಗಳ ಮೇಲೆ ಲಾರಿ ಓಡಿಸಿದರು. ರಸ್ತೆ ಸವೆಯಲಿ ಅಂತಲೇ ಓಡಿಸಿದ್ದು! ಅದರಿಂದ ಬಂದ ಅಂದಾಜು ಇಂದಿಗೂ ಬಳಕೆಯಲ್ಲಿದೆ: ಚಕ್ರದ ಆಕ್ಸೆಲ್ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗಾಗುವ ಹಾನಿ ಸುಮಾರು 16 ಪಟ್ಟು. ಒಂದು ಟನ್ ಹೊತ್ತ ಆಕ್ಸೆಲ್‌ಗೂ ಹತ್ತು ಟನ್ ಹೊತ್ತ ಆಕ್ಸೆಲ್‌ಗೂ ಹೋಲಿಸಿದರೆ 10,000 ಪಟ್ಟು. ಅಂದರೆ ಹಳ್ಳಿಯವರ ಕಾರುಗಳು ರಸ್ತೆಯನ್ನು ಹಾಳುಮಾಡುವುದು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ಕೆಲಸ ಕೆಡಿಸುವುದು ಧಾನ್ಯ, ಮರದ ದಿಮ್ಮಿ, ಎಣ್ಣೆ ಹೊತ್ತ ಲಾರಿಗಳು. ಆ ಸರಕು ಹೊರಡುವುದು ಹಳ್ಳಿಯಿಂದ, ಅದೂ ತೆಳ್ಳನೆ ರಸ್ತೆಯ ಮೇಲಿಂದ.

ಟೆಕ್ಸಾಸ್‌ನಲ್ಲಿ ಇದೇ ಆಯಿತು. ರೈತರ ಬೆಳೆ ಮಾರುಕಟ್ಟೆಗೆ ತಲುಪಲಿ ಅಂತ ಕಟ್ಟಿದ ರಸ್ತೆಗಳ ಮೇಲೆ ಎಣ್ಣೆ ಬಾವಿಗಳಿಗೆ ನೀರು, ಮರಳು, ಯಂತ್ರ ಸಾಗಿಸುವ ಲಾರಿಗಳು ನುಗ್ಗಿದವು. ಒಂದು ಬಾವಿಗೆ ಸಾವಿರಕ್ಕೂ ಹೆಚ್ಚು ಲೋಡ್ ಬೇಕಾಗುತ್ತಿತ್ತು. ದುರಸ್ತಿಗೆ ಅನುದಾನ ಸಾಲದೆ, 2013ರಲ್ಲಿ ರಾಜ್ಯದ ಸಾರಿಗೆ ಇಲಾಖೆ ಸುಮಾರು 80 ಮೈಲಿ ಡಾಂಬರು ರಸ್ತೆಯನ್ನು ಜಲ್ಲಿ ರಸ್ತೆಯಾಗಿ ಬದಲಿಸುವ ಯೋಜನೆ ಪ್ರಕಟಿಸಿತು. ಸ್ಥಳೀಯರು ಸಿಟ್ಟಾದರು. ಇದು ಅಲ್ಲಿ ಮಾತ್ರ ನಡೆದದ್ದಲ್ಲ. ಮಿಷಿಗನ್, ನಾರ್ತ್ ಡಕೋಟದಂಥ ರಾಜ್ಯಗಳಲ್ಲೂ ಡಾಂಬರು ಕಿತ್ತು ಜಲ್ಲಿ ಹರಡಿದ್ದಾರೆ.

ಜಲ್ಲಿ ರಸ್ತೆ ಅಂದ ತಕ್ಷಣ ಮೂಗು ಮುರಿಯಬೇಕಿಲ್ಲ. ಗುಂಡಿಬಿದ್ದ ಡಾಂಬರಿಗಿಂತ ಒಳ್ಳೆಯ ಜಲ್ಲಿ ರಸ್ತೆ ಮೇಲು. ಆದರೆ ಅದಕ್ಕೂ ಆಗಾಗ ಗ್ರೇಡರ್ (ರಸ್ತೆಯ ಮೈ ಕೆರೆದು ಸಮ ಮಾಡುವ ಯಂತ್ರ) ಓಡಿಸಬೇಕು, ಇಲ್ಲದಿದ್ದರೆ ಮೈತುಂಬಾ ಸಾಲುಸಾಲು ಉಬ್ಬು ಏಳುತ್ತವೆ. ಕಾರಿನ ಸ್ಪ್ರಿಂಗುಗಳೇ ಇದಕ್ಕೆ ಕಾರಣ ಅಂತ ತುಂಬಾ ಜನ ಹೇಳುತ್ತಾರೆ. 2007ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮರಳಿನ ಮೇಲೆ ಸ್ಪ್ರಿಂಗ್ ಇಲ್ಲದ ಚಕ್ರ ಉರುಳಿಸಿದರೂ, ವೇಗ ಒಂದು ಮಿತಿ ದಾಟಿದ ಮೇಲೆ ಉಬ್ಬು ಎದ್ದೇ ಎದ್ದವು. ಚಾಲಕರು ಎಷ್ಟೇ ಜಾಣರಾಗಿದ್ದರೂ ಗ್ರೇಡರ್‌ನ ಖರ್ಚು ತಪ್ಪುವುದಿಲ್ಲ.

ಕಡಿತ ಯಾವಾಗಲೂ ಘೋಷಣೆಯಾಗಿಯೇ ಬರಬೇಕು ಅಂತೇನಿಲ್ಲ. ಅಮೆರಿಕದ ಒಕ್ಕೂಟ ಸರ್ಕಾರ ಪೆಟ್ರೋಲಿನ ಮೇಲೆ ಗ್ಯಾಲನ್‌ಗೆ 18.4 ಸೆಂಟ್ ತೆರಿಗೆ ಹಾಕುತ್ತದೆ. ರಾಜ್ಯಗಳ ರಸ್ತೆಗಳಿಗೆ ಅಲ್ಲಿಂದಲೂ ಹಣ ಹೋಗುತ್ತದೆ. 1993ರಿಂದ ಆ ದರ ಬದಲಾಗಿಲ್ಲ. ಬೆಲೆಯೇರಿಕೆಯಿಂದ ಅದರ ನಿಜವಾದ ಮೌಲ್ಯ ಅರ್ಧಕ್ಕಿಂತ ಕೆಳಗಿಳಿದಿದೆ. ಯಾರೂ ಮತ ಹಾಕದೆ, ಸುಮ್ನೆ ಬಿಟ್ಟದ್ದರಿಂದಲೇ ಆದ ಕಡಿತ ಇದು.

ದುಡ್ಡು ಕಡಿಮೆಯಾದಾಗ ಇಲಾಖೆಗಳು ಸಾಮಾನ್ಯವಾಗಿ ವಾಹನಗಳ ಎಣಿಕೆ ನೋಡಿ ಸರದಿ ಹಾಕುತ್ತವೆ. ಹೆಚ್ಚು ಗಾಡಿ ಓಡುವ ರಸ್ತೆ ಮೊದಲು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ನಗರದಲ್ಲಿ ಒಂದು ರಸ್ತೆ ಕೆಟ್ಟರೆ ಪಕ್ಕದಲ್ಲೇ ಇನ್ನೊಂದು ಇರುತ್ತದೆ, ಹಳ್ಳಿಗೆ ಬಹಳ ಸಲ ಇರುವುದೇ ಒಂದು. ಹಳೆಯ ಸೇತುವೆಯ ಮುಂದೆ ತೂಕದ ಮಿತಿಯ ಫಲಕ ನಿಂತ ದಿನ ಅಗ್ನಿಶಾಮಕ ವಾಹನ, ಹಾಲಿನ ಟ್ಯಾಂಕರ್, ಶಾಲೆಯ ಬಸ್ಸು ಎಲ್ಲವೂ ಸುತ್ತುಬಳಸಿ ಹೋಗಬೇಕು. ಹೆಚ್ಚಾದ ಡೀಸೆಲ್, ಸವೆದ ಟೈರು, ಕಳೆದ ಗಂಟೆಗಳು ಸರ್ಕಾರದ ಬಜೆಟ್‌ನಲ್ಲಿ ಎಲ್ಲೂ ಕಾಣುವುದಿಲ್ಲ. ಖರ್ಚು ಉಳಿದಿಲ್ಲ, ಹಳ್ಳಿಯವರ ಜೇಬಿಗೆ ವರ್ಗವಾಗಿದೆ.

ಇರುವಷ್ಟು ದುಡ್ಡನ್ನು ಎಲ್ಲಿ ಹಾಕಬೇಕು ಎಂಬ ಪ್ರಶ್ನೆಗೆ ಮೇಲಿನ ಗ್ರಾಫ್ ಕೊಡುವ ಉತ್ತರ ಕಹಿಯಾಗಿದೆ. ಇನ್ನೂ ಚೆನ್ನಾಗಿರುವ ರಸ್ತೆಗೆ ಮೊದಲು ಖರ್ಚು ಮಾಡಿ, ಪೂರ್ತಿ ಕೆಟ್ಟಿದ್ದನ್ನು ಕೊನೆಗೆ ಇಡಿ ಅನ್ನುತ್ತದೆ ಅದು. ಒಟ್ಟು ಲೆಕ್ಕಕ್ಕೆ ಅದೇ ಸರಿ. ಕೆಟ್ಟ ರಸ್ತೆಯ ಕೊನೆಯಲ್ಲಿ ಮನೆ ಇರುವವರಿಗೆ ಮಾತ್ರ ಈ ಲೆಕ್ಕ ಒಪ್ಪಿಸುವುದು ಕಷ್ಟ. ಅದಕ್ಕೇ ಸರದಿ ಹಾಕುವಾಗ ಗಾಡಿಗಳ ಎಣಿಕೆಯ ಜೊತೆಗೆ ಇನ್ನೆರಡು ಪ್ರಶ್ನೆಗಳಿಗೂ ಅಂಕ ಕೊಡಬೇಕು ಅನ್ನಿಸುತ್ತದೆ: ಈ ರಸ್ತೆ ಮುಚ್ಚಿದರೆ ಬೇರೆ ದಾರಿ ಇದೆಯೇ? ಇದ್ದರೆ, ಆಂಬುಲೆನ್ಸ್‌ಗೆ ಎಷ್ಟು ನಿಮಿಷ ಜಾಸ್ತಿ?