ಬಲೆ ತುಂಬಿದರೂ ಗೆಣಸು ಯಾಕೆ ಕೆಡುತ್ತದೆ?

‘ಸಾಹೇಬ್ರ, ಬಲಿ ತುಂಬ ಹುಳಾ ಬಿದ್ದಾವ. ಆದ್ರೂ ಗೆಣಸು ಯಾಕ ಕೆಟ್ಟಾವ್ರೀ?’ ಬೆಳಗಾವಿ, ಖಾನಾಪುರ ಕಡೆಯ ರೈತರು ನನ್ನನ್ನು ಮತ್ತೆ ಮತ್ತೆ ಕೇಳುವ ಪ್ರಶ್ನೆ ಇದು.

ಬಲೆಗೆ ಬಿದ್ದ ಹುಳುಗಳನ್ನು ಬಿಳಿ ಹಾಳೆಯ ಮೇಲೆ ಸುರಿದು ನೋಡಿ. ಗೆಣಸಿನ ಮೂತಿ ಹುಳು ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪ ಉದ್ದ. ತಲೆ, ರೆಕ್ಕೆ ಕಪ್ಪು ನೀಲಿ, ಎದೆ ಮತ್ತು ಕಾಲು ಕೆಂಪು. ದೂರದಿಂದ ಇರುವೆ ಅಂತಲೇ ಅನಿಸುತ್ತದೆ. ಭೂತಗನ್ನಡಿಯಲ್ಲಿ ಮೀಸೆಯ ತುದಿ ನೋಡಿ: ಅಲ್ಲಿನ ಗಂಟು ನೀಳವಾಗಿದ್ದರೆ ಗಂಡು, ಗಿಡ್ಡಗೆ ದುಂಡಗಿದ್ದರೆ ಹೆಣ್ಣು. ನಿಮ್ಮ ಹಾಳೆಯ ಮೇಲಿರುವುದೆಲ್ಲ ಹೆಚ್ಚುಕಡಿಮೆ ಗಂಡುಗಳೇ.

ಹೆಣ್ಣು ಹುಳು ಗಂಡನ್ನು ಕರೆಯಲು ರಾತ್ರಿ ಒಂದು ವಾಸನೆ ಬಿಡುತ್ತದೆ. ಅದು ಯಾವ ರಾಸಾಯನಿಕ ಅಂತ 1986ರಲ್ಲಿ ಅಮೆರಿಕದ ವಿಜ್ಞಾನಿಗಳು ಪತ್ತೆ ಮಾಡಿದರು. ಅದನ್ನೇ ತಯಾರಿಸಿ ರಬ್ಬರ್ ಬಿರಡೆಗೆ ಹೀರಿಸಿದರೆ ನಮ್ಮ ಲ್ಯೂರ್, ಅಂದರೆ ಬಲೆಯೊಳಗೆ ಇಡುವ ಆಮಿಷ, ಸಿದ್ಧ. (ತೆಂಗಿನ ಕುರುವಾಯಿ ಕೀಟದ್ದು ಬೇರೆ ಲೆಕ್ಕ. ಅಲ್ಲಿ ವಾಸನೆ ಬಿಡುವುದು ಗಂಡು, ಬಲೆಗೆ ಹೆಣ್ಣೂ ಬರುತ್ತದೆ.)

ಒಂದು ಗಂಡು ಹಲವು ಹೆಣ್ಣುಗಳ ಜೊತೆ ಕೂಡುತ್ತದೆ. ಹಾಗಾಗಿ ಬಲೆಗೆ ಬೀಳದೆ ಉಳಿದ ನಾಲ್ಕು ಗಂಡುಗಳೇ ಸಾಕು. ಎಕರೆಗೆ ಒಂದೆರಡು ಬಲೆ ಕಟ್ಟಿದರೆ ಹುಳು ಬಂದದ್ದು ಗೊತ್ತಾಗುತ್ತದೆ, ಅಷ್ಟೇ. ಹತೋಟಿಗೆ 100 ಚದರ ಮೀಟರಿಗೆ ಒಂದು ಬೇಕು, ಅಂದರೆ ಎಕರೆಗೆ ಸುಮಾರು 40. ಖರ್ಚು ಜಾಸ್ತಿ, ಅಲ್ವಾ? ಅದಕ್ಕೇ ನಾನು ಬಲೆಗಿಂತ ಮೊದಲು ಬೋದಿನ, ಅಂದರೆ ಗೆಣಸು ನೆಟ್ಟ ಮಣ್ಣಿನ ಏರಿಯ, ಮಾತು ಎತ್ತುತ್ತೇನೆ.

ಹೆಣ್ಣು ಲ್ಯೂರ್ ಕಡೆ ತಿರುಗಿಯೂ ನೋಡುವುದಿಲ್ಲ. ಅದನ್ನು ಎಳೆಯುವುದು ಗೆಣಸಿನ ವಾಸನೆ. ಆದರೆ ಅದಕ್ಕೆ ಮಣ್ಣು ಅಗೆಯಲು ಬರುವುದಿಲ್ಲ. ಗಡ್ಡೆ ದಪ್ಪವಾದಂತೆ ಬೋದು ಬಿರಿಯುತ್ತದೆ, ಆ ಬಿರುಕಿನಲ್ಲೇ ಒಳಗೆ ಇಳಿಯುತ್ತದೆ. ಗಡ್ಡೆಯಲ್ಲಿ ಸಣ್ಣ ಗುಳಿ ಕೊರೆದು, ಒಂದು ಮೊಟ್ಟೆ ಇಟ್ಟು, ತನ್ನ ಹಿಕ್ಕೆಯಿಂದಲೇ ಬಾಯಿ ಮುಚ್ಚುತ್ತದೆ. ಮರಿಹುಳು ಕೊರೆಯತೊಡಗಿದರೆ ಗಡ್ಡೆ ತನ್ನ ರಕ್ಷಣೆಗೆ ಕಹಿ ಪದಾರ್ಥ ತಯಾರಿಸುತ್ತದೆ. ಸ್ವಲ್ಪವೇ ಕೊರೆದಿದ್ದರೂ ಬಾಯಿಗೆ ಇಡುವಂತಿಲ್ಲ. ಅಂಥ ಗಡ್ಡೆಯನ್ನು ದನಕ್ಕೂ ಹಾಕಬೇಡಿ, ವಿಷವಾಗುತ್ತದೆ.

ಬಿರುಕು ಕಂಡ ಕೂಡಲೇ ಮಣ್ಣು ಏರಿಸಿ. ನೀರಿನ ಅನುಕೂಲ ಇದ್ದರೆ ಬೋದು ಒಣಗಿ ಬಾಯಿ ಬಿಡದಂತೆ ನೋಡಿಕೊಳ್ಳಿ. ಕೊಯ್ಲಾದ ಮೇಲೆ ಕೆಟ್ಟ ಗಡ್ಡೆಗಳನ್ನು ಬದುವಿಗೆ ಸುಮ್ನೆ ಎಸೆಯಬೇಡಿ, ಮುಂದಿನ ಬೆಳೆಗೆ ಹುಳು ಅಲ್ಲಿಂದಲೇ ಬರುತ್ತದೆ. ನಾಟಿಗೆ ಬಳ್ಳಿಯ ತುದಿ ತುಂಡುಗಳನ್ನೇ ಆರಿಸಿ. ಬುಡದ ಕಡೆಯ ದಪ್ಪ ಕಾಂಡದೊಳಗೆ ಮೊಟ್ಟೆ, ಮರಿ ಇರುವುದು ಹೆಚ್ಚು.